ತಾತನ ಕೊನೆಯ ನಾರುಬಟ್ಟೆ

"ಛೀ! ಇದನ್ನ ಕಾಲಿಗೆ ಹಾಕ್ಕೋತಾರಾ?"

ನಬ್ಬೋಸಾ ಆ ನಾರುಬಟ್ಟೆಯ ಚಪ್ಪಲಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದಳು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದ ಹಾಗೆ.

ಗಲ್ಲಾದ ಹಿಂದಿದ್ದ ಯುವಕ ಗಡಬಡಿಸಿ ಎದ್ದ. ಅವನ ಹೆಸರು ಲುಬೇಗಾ. ಗಂಡಸರ ಎದುರು ಮಂಡಿಯೂರಿ ನಮಸ್ಕಾರ ಹೇಳುವುದು ನಮ್ಮ ಬುಗಾಂಡ ನಾಡಿನ ಹೆಣ್ಣುಮಕ್ಕಳ ಪದ್ಧತಿ. ಇವಳು ಮಂಡಿಯೂರುವುದಿರಲಿ, ಮುಖ ನೆಟ್ಟಗೆ ಇಟ್ಟುಕೊಂಡಿದ್ದರೆ ಸಾಕಿತ್ತು!

"ಅದು... ಪ್ರವಾಸಿಗಳು ಕೇಳ್ತಾರೆ ಅಂತ..."

"ಕೇಳಿದ್ರೆ ನಿಮ್ಮಜ್ಜಿ ಹೆಣಕ್ಕೆ ಹೊದಿಸಿದ್ದನ್ನೂ ಕಿತ್ತು ಕೊಡ್ತೀರಾ?"

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು, ನೀವೇ ಹೇಳಿ. ಮುಟುಬಾ ಮರದ ತೊಗಟೆ ಸುಲಿದು, ನೆನೆಸಿ, ಕೊಡತಿಯಲ್ಲಿ ಬಡಿದು ಬಡಿದು ಅಗಲ ಮಾಡಿದ ಬಟ್ಟೆ ಅದು. ನಮ್ಮವರನ್ನು ಮಣ್ಣಿಗಿಡುವುದು ಅದರಲ್ಲೇ ಸುತ್ತಿ. ಈ ಗುಡ್ಡದ ಮೇಲಿನ ಗೋರಿಗಳೊಳಗೆ ಮಲಗಿರುವ ರಾಜರೂ ಅದನ್ನೇ ಹೊದ್ದವರು. ಅವರನ್ನು ನೋಡಲು ಹೋಗುವವರು ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಹೊರಗೆ ಬಂದರೆ ಈ ಗಿಫ್ಟ್ ಶಾಪು, ಅದೇ ಬಟ್ಟೆಯ ಚಪ್ಪಲಿ! ಪಕ್ಕದಲ್ಲಿ ಬಿಯರ್ ಲೋಟ ಇಡುವ ತಟ್ಟು. ಅದರ ಪಕ್ಕ ಕಕ್ಕಸಿನ ಕಾಗದದ ಸುರುಳಿಗೊಂದು ಚೀಲ. ಥೂ! ಹೇಳಲಿಕ್ಕೂ ನನಗೆ ಅಸಹ್ಯ.

ನಬ್ಬೋಸಾಳ ಕಣ್ಣು ತುಂಬಿತು. ಅವಳು ಬಂದಿದ್ದು ಜಗಳಕ್ಕಲ್ಲ, ತಾತನ ಬಟ್ಟೆಗಾಗಿ. ಊರಿಗೇ ಹೆಸರಾದ ಬಟ್ಟೆ ಬಡಿಯುವವನು ಅವಳ ತಾತ. ಕೈಯಲ್ಲಿ ಕಸುವಿದ್ದಾಗಲೇ ತನಗೆಂದು ಒಂದು ಬಟ್ಟೆ ಬಡಿದು, ಇದು ತನ್ನದೇ ಎಂಬ ಗುರುತಿಗೆ, ಬಡಿಯುವವರ ವಾಡಿಕೆಯಂತೆ, ಮೂಲೆಯಲ್ಲಿ ತಾಳೆನಾರಿನ ಅಡ್ಡಹೊಲಿಗೆ ಹಾಕಿ ಇಟ್ಟುಕೊಂಡಿದ್ದ. ಈಗ ಹಾಸಿಗೆ ಹಿಡಿದಿದ್ದಾನೆ. ಚಿಕ್ಕಪ್ಪನೆಂಬ ಮಹಾನುಭಾವ ಮೂಟೆಯಲ್ಲಿ ಏನಿದೆ ಎಂದೂ ನೋಡದೆ ಎಲ್ಲವನ್ನೂ ಈ ಅಂಗಡಿಗೆ ಮಾರಿದ್ದ.

"ಮೂಲೆಯಲ್ಲಿ ಅಡ್ಡಹೊಲಿಗೆ ಇರೋ ಬಟ್ಟೆ... ಅದೆಲ್ಲಿ?"

ಲುಬೇಗಾ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಅಂಗಡಿಯ ಯಜಮಾನಿ ಬಂದಳು.

"ಆ ಮೂಟೆಯದಾ? ಎಲ್ಲಾ ಕತ್ತರಿಸಿ ಆಯ್ತಲ್ಲಮ್ಮ! ಬೇಕಾದ್ರೆ ಒಂದು ಪರ್ಸ್ ತಗೋ, ನೆನಪಿಗಿರುತ್ತೆ."

ನೆನಪಿಗೆ! ನಬ್ಬೋಸಾ ಲುಬೇಗಾನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ.

*ಇವನೇ ಕತ್ತರಿಸಿರೋದು! ತಾತ ಮಲಗಬೇಕಾದ ಬಟ್ಟೆ... ಇವನ ಕತ್ತರಿಗೆ!*

"ನಿಮ್ಮ ಕೈಗೆ ಹುಳ ಬೀಳಾ!" ಎಂದು ಚಪ್ಪಲಿಯನ್ನು ಅವನ ಎದೆಗೆಸೆದು ನಡೆದುಬಿಟ್ಟಳು.

ವಾರ ಕಳೆಯಲಿಲ್ಲ, ಮೂಟೆ ಮಾರಿದ ಚಿಕ್ಕಪ್ಪನ ಹತ್ತಿರ ಹೆಸರು, ದಾರಿ ಕೇಳಿಕೊಂಡು ಲುಬೇಗಾ ಅವಳ ಮನೆಯ ಬಾಳೆತೋಟದ ಅಂಚಿಗೆ ಬಂದು ನಿಂತ. ಬರಿಗೈ.

"ನಬ್ಬೋಸಾ, ಒಂದು ಮಾತು..."

"ಇನ್ನೂ ಏನಾದ್ರೂ ಕತ್ತರಿಸೋದು ಬಾಕಿ ಇದೆಯಾ? ನಮ್ಮ ತಾತನ ಚರ್ಮ ಬೇಕಾ?"

"ಹಾಗಲ್ಲ... ಆ ಬಟ್ಟೆ..."

"ಅದರ ಹೆಸರೆತ್ತಿದ್ರೆ ನೋಡು!" ಬಾಳೆಕಾಯಿ ಸುಲಿದ ಕಲಗಚ್ಚು ಅವನ ಕಾಲ ಮೇಲೆ ಬಿತ್ತು. ಅಂಟಂಟು ಸಿಪ್ಪೆ ಮೊಣಕಾಲಿನವರೆಗೆ ಹತ್ತಿಕೊಂಡಿತು.

ಅವನು ಕೊಡವಲೂ ಇಲ್ಲ. ಒಳಗಿನಿಂದ ತಾತನ ಕೆಮ್ಮು ಕೇಳಿತು.

"ತಾತ... ಊಟ ಮಾಡ್ತಿದ್ದಾರಾ?"

ಅವಳು ಖಾಲಿ ಪಾತ್ರೆ ಎತ್ತಿಕೊಂಡು ಒಳನಡೆದಳು. ಅವನು ಹೊರಟುಹೋದ. ಆ ಪ್ರಶ್ನೆ ಮಾತ್ರ ಅವಳ ಎದೆಯೊಳಗೆ ಮುಳ್ಳಿನಂತೆ ಉಳಿಯಿತು. *ಕಟುಕ ಅಷ್ಟು ಮೆತ್ತಗೆ ಕೇಳ್ತಾನಾ? ಛೇ... ನನಗ್ಯಾಕೆ ಅವನ ದನಿ ನೆನಪಾಗಬೇಕು!*

ತಾತ ದಿನಾ ಕೇಳುತ್ತಿದ್ದ, "ಮಗೂ, ನನ್ನ ಬಟ್ಟೆ ಸಿಕ್ತಾ?"

"ಸಿಗುತ್ತೆ ತಾತ," ಎನ್ನುತ್ತಿದ್ದಳು. ಸುಳ್ಳು ಹೇಳಿ ಹೇಳಿ ಅವಳಿಗೆ ತನ್ನ ಬಾಯಿಯ ಮೇಲೇ ಹೇಸಿಗೆಯಾಗಿತ್ತು.

ಕೊನೆಗೂ ತಾತ ಕಣ್ಣು ಮುಚ್ಚಿದ.

ಅಂಗಳದ ತುಂಬ ಜನ. ಚಿಕ್ಕಪ್ಪ ಪೇಟೆಯಿಂದ ಪಾಲಿಯೆಸ್ಟರ್ ಬಟ್ಟೆ ತಂದಿದ್ದ. ಹೊಳೆಯುವ, ಬೆವರು ನಾರುವ ಬಟ್ಟೆ! ಜೀವಮಾನವೆಲ್ಲ ಊರವರ ಹೆಣಕ್ಕೆ ಬಟ್ಟೆ ಬಡಿದವನಿಗೆ ಇದಾ?

ಆಗ ಜನ ದಾರಿ ಬಿಟ್ಟರು. ಲುಬೇಗಾ ಬರುತ್ತಿದ್ದ. ಎರಡೂ ಕೈ ಮೇಲೆ ಮಡಿಸಿದ ನಾರುಬಟ್ಟೆ, ಇಟ್ಟಿಗೆಗೆಂಪು. ಮೂಲೆಯಲ್ಲಿ... ಅಡ್ಡಹೊಲಿಗೆ!

ನಬ್ಬೋಸಾ ಎದ್ದು ಬಂದು ಹೊಲಿಗೆ ಮುಟ್ಟಿ ನೋಡಿದಳು.

"ಕತ್ತರಿಸಿಲ್ವಾ?"

"ಹೊಲಿಗೆ ನೋಡಿದ ದಿನವೇ ಬಚ್ಚಿಟ್ಟೆ. ಇದು ಬಡಿದವರು ತಮಗೇ ಅಂತ ಇಟ್ಟಿದ್ದು ಅಂತ ಗೊತ್ತಾಯ್ತು. ಅವತ್ತು ಯಜಮಾನಿ ಎದುರು ಹೇಳಿದ್ರೆ ಕಿತ್ಕೊಂಡು ಕತ್ತರಿ ಹಾಕಿಸೋಳು."

"ಮನೆಗೆ ಬಂದಾಗ ತರಬೇಕಿತ್ತು ತಾನೇ?"

"ಬದುಕಿರೋರ ಮನೆಗೆ ಹೆಣದ ಬಟ್ಟೆ ಹೊತ್ಕೊಂಡು ಬರ್ತಾರಾ ನಬ್ಬೋಸಾ? ಬೇಗ ಹೋಗಿ ತಾತ ಅಂದ ಹಾಗಲ್ವಾ? ಇದೆ ಅಂತ ಬಾಯಲ್ಲಿ ಹೇಳಿ ಹೋಗೋಣ ಅಂತ ಬಂದೆ..."

"ನಾನು ಕಲಗಚ್ಚು ಹಾಕಿದೆ." ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಷ್ಟು ನಾಚಿಕೆ!

ಸಾವಿನ ಮನೆಗೆ ಬಂದ ಬಟ್ಟೆಗಳನ್ನು ಕೂಗಿ ಹೇಳುವ ಮುದುಕ ಗಂಟಲು ಸರಿಮಾಡಿಕೊಂಡ. "ತಂದವರು ಯಾರಪ್ಪ? ಸತ್ತವರಿಗೆ ಏನಾಗಬೇಕು?"

ಗುಜುಗುಜು ಎದ್ದಿತು. ಪರಿಚಯದವರು ಕೈಲಾದದ್ದು ಕೊಟ್ಟು ಹೋಗುತ್ತಾರೆ. ಕುಲದವನಲ್ಲದ ಗಂಡಸು ತಾನೇ ಕೈಯಲ್ಲಿ ನಾರುಬಟ್ಟೆ ಹೊತ್ತು ತಂದರೆ, ಅವನು ಆ ಮನೆಯ ಅಳಿಯ. ಹುಡುಗನಿಗೆ ಇದು ಗೊತ್ತಿಲ್ಲದ್ದೇನಲ್ಲ! ಗೊತ್ತಿದ್ದೂ ತಂದಿದ್ದ.

"ನಾನು ಲುಬೇಗಾ. ಏನೂ ಆಗಲ್ಲ..." ಎಂದು ನಬ್ಬೋಸಾಳ ಕಡೆ ನೋಡಿದ, "ಇವಳು ಒಪ್ಪದಿದ್ರೆ."

ನಬ್ಬೋಸಾಳ ಅಮ್ಮ ಬಟ್ಟೆ ಇಸಿದುಕೊಳ್ಳಲು ಕೈ ಚಾಚಿದ್ದಳು. ಮಗಳ ಮುಖ ನೋಡಿದಳು. ಮಗಳು ಅಳುತ್ತಲೇ, ಎಲ್ಲರೆದುರು, ಲುಬೇಗಾನ ಮುಂದೆ ಮಂಡಿಯೂರಿದಳು. ಅವತ್ತು ಅಂಗಡಿಯಲ್ಲಿ ಊರದ ಮಂಡಿ!

ಅಮ್ಮ ಚಾಚಿದ ಕೈ ಹಿಂದೆಳೆದುಕೊಂಡಳು. ಹೊದ್ದಿದ್ದ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡು, ಅವನಿಗೆ ಬೆನ್ನು ತಿರುಗಿಸಿ ನಿಂತಳು. ಅತ್ತೆಯಾದವಳು ಅಳಿಯನನ್ನು ಮುಟ್ಟಬಾರದು, ಎದುರು ನಿಂತು ನೋಡಬಾರದು. ಅದು ನಮ್ಮಲ್ಲಿ ಕಟ್ಟುನಿಟ್ಟು.

ಮುದುಕನಿಗೆ ಮತ್ತೆ ಕೇಳಬೇಕಾಗಲಿಲ್ಲ. "ಅಳಿಯ ಲುಬೇಗಾ, ಒಂದು ನಾರುಬಟ್ಟೆ!" ಎಂದು ಕೂಗಿದ.

ತಾತ ತನ್ನ ಬಟ್ಟೆಯಲ್ಲೇ ಮಣ್ಣು ಸೇರಿದ.

ಸಂಜೆ ಇಬ್ಬರೂ ಮುಟುಬಾ ಮರದ ಕೆಳಗೆ ಕೂತಿದ್ದರು.

"ನಾಳೆ ಮತ್ತೆ ಚಪ್ಪಲಿ ಮಾರೋಕೆ ಹೋಗ್ತೀಯಾ?" ಎಂದಳು.

"ಆ ಅಂಗಡಿಗೆ ಇನ್ನು ಕಾಲಿಡಲ್ಲ. ಇಷ್ಟು ದಿನ ಇದ್ದಿದ್ದಕ್ಕೇ ನನ್ನ ಮೇಲೆ ನನಗೇ ವಾಕರಿಕೆ."

ಅವಳು ತಾತನ ಕೊಡತಿಯನ್ನು ಅವನ ತೊಡೆಯ ಮೇಲಿಟ್ಟಳು. "ಇದರಲ್ಲಿ ಬಟ್ಟೆ ಬಡಿಯೋಕೆ ಕಲಿ. ಕೈಗೆ ಬೊಬ್ಬೆ ಬಂದ್ರೆ ಅಳಬಾರದು."

"ನಿನ್ನ ಬೈಗುಳ ತಿಂದು ಬದುಕಿದೋನು, ಬೊಬ್ಬೆಗೆ ಹೆದರ್ತೀನಾ?"

ಅವಳು ಅಳುವಿನ ನಡುವೆಯೇ ನಕ್ಕಳು. "ಇನ್ಮೇಲೆ ನಮ್ಮಮ್ಮ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ, ಗೊತ್ತಲ್ವಾ?"

"ನೋಡದೇ ಇರ್ಲಿ," ಅವನು ಅವಳ ಕೈ ಹಿಡಿದುಕೊಂಡ. "ನೀನು ನೋಡ್ತೀಯಲ್ಲ."