ನೀಲಿ ದಾರದ ನಲವತ್ತೊಂದು ಹಾಳೆ

ಕಪಾಟಿನಿಂದ ತೆಗೆದ ಹಾಳೆಯನ್ನು ಮೇಜಿನ ಮೇಲಿಟ್ಟವಳೇ ಅವಳು ಕೆಂಡವಾದಳು.

ಹಾಳೆಯ ಮೇಲೆ ಒಣಗಿದ ಜರೀಗಿಡ. ಅದನ್ನು ಹೊಲಿದದ್ದು ನೀಲಿ ದಾರದಲ್ಲಿ, ಪ್ರತಿ ಹೊಲಿಗೆಯ ಕೊನೆಗೂ ಜೋಡಿ ಗಂಟು. ಯೂನಿವರ್ಸಿಟಿಯ ಈ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಹೊಲಿದು ಜೋಪಾನವಾಗಿಡುವ ಕೋಣೆಯಲ್ಲಿ, ಉಳಿದವರೆಲ್ಲ ಬಿಳಿ ದಾರದವರೇ. ನೀಲಿ ದಾರದವಳು ಇವಳೊಬ್ಬಳು. ದರ್ಜಿ ಅಪ್ಪನ ಅಂಗಡಿಯಲ್ಲಿ ಮಿಕ್ಕಿದ್ದ ಉಂಡೆ ಅದು. ಜೋಡಿ ಗಂಟು ಕಲಿಸಿದ್ದೂ ಅಪ್ಪನೇ. ಎಂಟು ವರ್ಷದ ಹಿಂದೆ ತಾನು ಮೊಣಕಾಲು ತರಚಿಕೊಂಡು ಬೆಟ್ಟ ಹತ್ತಿ ತಂದ ಗಿಡ!

ಮೂಲೆಯ ಚೀಟಿಯಲ್ಲಿ ಮಾತ್ರ ‘ಸಂಗ್ರಹಿಸಿದವರು’ ಎಂಬಲ್ಲಿ ಅವಳ ಹಳೇ ಸಹಪಾಠಿಯ ಹೆಸರು. ಮುತ್ತು ಪೋಣಿಸಿದಂಥ ಅಕ್ಷರ ಬೇರೆ.

ಇನ್ನೊಂದು ಹಾಳೆ ತೆಗೆದಳು. ಅದೂ ಹಾಗೇ. ನಲವತ್ತೊಂದೂ ಹಾಗೇ.

ಅಪ್ಪನ ಕಣ್ಣು ಮಂಜಾದ ವರ್ಷ ಅವಳು ಕೊನೆಯ ವರ್ಷದ ಓದನ್ನು ಅರ್ಧಕ್ಕೆ ಬಿಟ್ಟು ಸರಕು ಹಡಗಿನ ಅಡುಗೆಮನೆ ಸೇರಿದ್ದಳು. ಮೊದಲು ಮನೆಗಾಗಿ ದುಡಿದಳು, ಆಮೇಲೆ ಊರೂರು ನೋಡುವ ಹುಚ್ಚಿಗೆ. ಈಗ ಮತ್ತೆ ಅದೇ ಬೆಂಚು. ಎಂಟು ವರ್ಷ ಚಿಕ್ಕ ಹುಡುಗಿಯರ ಬಾಯಲ್ಲಿ ‘ಹಡಗಿನಕ್ಕ’. ಅದನ್ನೂ ನುಂಗಿಕೊಂಡಿದ್ದಳು. ಆದರೆ ಈ ಬೆಳಿಗ್ಗೆ ಗೈಡ್ ಮೇಡಂ ಹೇಳಿದ್ದನ್ನು ನುಂಗಲಾಗಿರಲಿಲ್ಲ: “ಅದೇ ಬೆಟ್ಟ ಮತ್ತೆ ಹತ್ತಿ ಏನು ಉಳಿದಿದೆ, ಏನು ಹೋಗಿದೆ ಅಂತ ನೋಡ್ತೀನಿ ಅಂತೀಯ. ಚೆನ್ನಾಗಿದೆಯಮ್ಮ. ಆದರೆ ನಿನ್ನ ಹೆಸರಲ್ಲಿ ಒಂದೂ ಹಾಳೆ ಇಲ್ಲವಲ್ಲ? ಸ್ವಂತ ಹಳೇ ಸಂಗ್ರಹ ಇಲ್ಲದೆ ಪ್ರಾಜೆಕ್ಟಿಗೆ ಈ ವಿಷಯ ಕೊಡಕ್ಕಾಗಲ್ಲ. ಸಂಜೆಯೊಳಗೆ ಬೇರೆ ಯಾವುದಾದರೂ ಬರ್ಕೊಂಡು ಬಾ.”

ಹಾಳೆಗಳನ್ನು ಎದೆಗವಚಿಕೊಂಡು ಕ್ಯುರೇಟರ್ ಕೋಣೆಗೆ ನುಗ್ಗಿದಳು.

“ಬಾಗಿಲು ತಟ್ಟಬಾರದಾ?” ಅಂದ ಅವನು. ಆಗ ಪಕ್ಕದ ಬೆಂಚಿನವನು, ಈಗ ಈ ಹರ್ಬೇರಿಯಂ ನೋಡಿಕೊಳ್ಳುವ ‘ಸರ್’.

“ಕಳ್ಳನ ಮನೆಗೆ ಯಾರೂ ತಟ್ಕೊಂಡು ಬರಲ್ಲ.”

ಅವನ ಕಣ್ಣು ಹಾಳೆಗಳ ಮೇಲೆ ಬಿತ್ತು, ಅವಳ ಮುಖಕ್ಕೆ ಏರಿತು, ಥಟ್ಟನೆ ಕಿಟಕಿಗೆ ಹಾರಿತು. ಎರಡು ತಿಂಗಳಿಂದ ಇದೇ ಆಟ! ಇವಳು ತಿರುಗಿದರೆ ಅವನ ನೋಟ ತಪ್ಪಿಸಿಕೊಳ್ಳುತ್ತಿತ್ತು, ಇವಳು ತಲೆ ತಗ್ಗಿಸಿದರೆ ಕೆನ್ನೆಯ ಮೇಲೆ ಬಂದು ಕೂರುತ್ತಿತ್ತು. ನಾಚಿಕೆ ಅಂದುಕೊಂಡು ಒಳಗೊಳಗೇ ಹಿಗ್ಗಿದ್ದಳಲ್ಲ, ತನ್ನ ಬುದ್ಧಿಗಿಷ್ಟು!

“ಕೂತ್ಕೊ. ಹೇಳ್ತೀನಿ.”

“ನಿಂತೇ ಕೇಳ್ತೀನಿ.”

“ಎರಡು ವರ್ಷ ಬರದೇ ಇದ್ದೋರ ಹೆಸರು ಹೊಡೆದು ಹಾಕ್ತಾರೆ. ಅವರ ಹಾಳೆಗಳು ಕಸಕ್ಕೆ. ನಾನಾಗ ಇಲ್ಲಿ ಸಹಾಯಕ. ನಿನ್ನ ಗಿಡಗಳನ್ನ ಚೀಲಕ್ಕೆ ತುಂಬಿ ಬಾಗಿಲ ಹತ್ರ ಇಟ್ಟಿದ್ರು. ಇಲ್ಲಿ ಇರೋನ ಹೆಸರಿದ್ರೆ ಯಾರೂ ಮುಟ್ಟಲ್ಲ. ಅದಕ್ಕೇ…”

“ಅದಕ್ಕೇ ನುಂಗಿ ನೀರು ಕುಡಿದೆ!”

ಅವನು ಮೊದಲ ಹಾಳೆಯ ಚೀಟಿಯನ್ನು ಉಗುರಿನಿಂದ ಎತ್ತಿದ. ಮೇಲಂಚಿಗೆ ಮಾತ್ರ ಅಂಟು ಹಚ್ಚಿದ್ದ ಚೀಟಿ, ಕಿಟಕಿಯ ಪರದೆಯ ಹಾಗೆ ಮೇಲೆದ್ದಿತು. ಕೆಳಗೆ ಅವಳದೇ ಚೀಟಿ. ಅವಳದೇ ಹೆಸರು, ಅವಳದೇ ವಕ್ರ ಅಕ್ಷರ.

“ಹಳೇ ಚೀಟಿ ಹರಿಯೋ ಪದ್ಧತಿ ಇಲ್ಲಿಲ್ಲ,” ಅಂದ. “ಇದ್ದಿದ್ರೂ ನನ್ನ ಕೈಲಿ ಆಗ್ತಿರಲಿಲ್ಲ.”

ಅವಳ ಸಿಟ್ಟು ಒಂದು ಕ್ಷಣ ಕಾಲು ಜಾರಿತು. ಮರುಕ್ಷಣವೇ ಎದ್ದು ನಿಂತಿತು. “ಒಂದು ಮಾತು ನನಗೆ ತಿಳಿಸೋಕೆ ಏನು ಧಾಡಿಯಾಗಿತ್ತು?”

ಈಗ ಅವನಿಗೂ ರೇಗಿತು. “ಎಲ್ಲಿಗೆ ತಿಳಿಸಲಿ? ನೀನು ಬಂದರಿಗೊಂದು ಪೋಸ್ಟ್‌ಕಾರ್ಡ್ ಹಾಕ್ತಿದ್ದೆ. ಒಂದರಲ್ಲಾದ್ರೂ ವಿಳಾಸ ಇತ್ತಾ? ಸಮುದ್ರಕ್ಕೆ ಬರೀಬೇಕಿತ್ತಾ ಉತ್ತರ?”

“ಸರಿ ಮಹಾರಾಯ, ಸಮುದ್ರದ ಮಾತು ಬಿಡು. ಎರಡು ತಿಂಗಳಿಂದ ನಿನ್ನ ಮೂಗಿನ ಮುಂದೇ ಓಡಾಡ್ತಿದ್ದೀನಲ್ಲ?”

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

“ಕೆಲಸ ಖಾಯಂ ಆಗಿಲ್ಲ. ಮುಂದಿನ ತಿಂಗಳು ಕಮಿಟಿ ಕೂರುತ್ತೆ. ಸುಳ್ಳು ಹೆಸರು ಬರೆದೆ ಅಂತ ನಾನೇ ಸಹಿ ಹಾಕಿ ಕೊಟ್ರೆ ಏನಾಗುತ್ತೆ ನಿನಗೂ ಗೊತ್ತು. ಹೆದರಿದೆ ಕಣೇ.”

“ಹಾಗಾದ್ರೆ ಹೆದರ್ಕೊಂಡೇ ಇರು. ನಾನು ಮೇಡಂ ಹೇಳಿದ ಹಾಗೆ ಬೇರೆ ವಿಷಯ ಬರ್ಕೊತೀನಿ. ನನ್ನ ಬೆಟ್ಟಾನೂ ನೀನೇ ಇಟ್ಕೊ!” ಎಂದು ಬಾಗಿಲಿಗೆ ತಿರುಗಿದಳು.

ಹಿಂದೆ ಡ್ರಾಯರ್ ಎಳೆದ ಸದ್ದು. “ಹೋಗಬೇಡ. ಗೋಂದು ಹಚ್ಚೋಕೆ ಒಬ್ಬರು ಬೇಕು.”

ಅವನು ತಿದ್ದುಪಡಿ ಚೀಟಿಗಳ ಕಟ್ಟು ತೆಗೆದಿದ್ದ. ತಪ್ಪಾದರೆ ಹಳೆಯದನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು, ಕಾರಣವನ್ನು ಬರೆದು ಸಹಿ ಹಾಕುವ ಚೀಟಿಗಳು. ಆದರೆ ಅವಳ ಕಣ್ಣು ಹೋದದ್ದು ಡ್ರಾಯರಿನೊಳಗೆ. ಪೋಸ್ಟ್‌ಕಾರ್ಡುಗಳ ದಪ್ಪ ಕಟ್ಟು. ಸುತ್ತ ನೀಲಿ ದಾರ, ಸೊಟ್ಟಸೊಟ್ಟ ಜೋಡಿ ಗಂಟು.

“ನನ್ನ ದಾರ!”

“ಅದನ್ನ ಮಾತ್ರ ನಿಜವಾಗ್ಲೂ ಕದ್ದೆ,” ಅಂದ, ತಲೆ ಎತ್ತದೆ.

“ಗಂಟು ಹಾಕೋಕೂ ಬರಲ್ಲ,” ಎಂದು ಬೈಯುತ್ತ ಅವಳು ಎದುರು ಕೂತಳು.

ಅವನು ಬರೆದ, ಅವಳು ಅಂಟಿಸಿದಳು. ‘ಕಾರಣ: ಹಾಳೆ ಉಳಿಸಲು ನಾನು ಬರೆದ ಸುಳ್ಳು ಹೆಸರು.’ ಕೆಳಗೆ ಸಹಿ. ಹತ್ತು, ಇಪ್ಪತ್ತು, ಮೂವತ್ತು. ಪ್ರತಿ ಸಹಿಗೂ ಅವನ ನೌಕರಿ ಒಂದೊಂದು ಗೇಣು ಹಿಂದೆ ಸರಿಯುತ್ತಿತ್ತು. ಅಕ್ಷರ ಮಾತ್ರ ಮುತ್ತಿನಂತೇ ಇತ್ತು.

ನಲವತ್ತೊಂದನೆಯ ಚೀಟಿಯ ಮೇಲೆ ಪೆನ್ನು ನಿಂತಿತು. ಆಮೇಲೆ ಬರೆಯಿತು: ‘ಕಾರಣ: ಇವಳು ವಾಪಸ್ಸು ಬರುತ್ತಾಳೆಂದು ನಂಬಿದ್ದೆ. ಬಂದ ಮೇಲೆ ಹೇಳಲು ಧೈರ್ಯವಾಗಲಿಲ್ಲ, ಇದನ್ನೂ, ಉಳಿದದ್ದನ್ನೂ.’

ಅವಳು ಎರಡು ಸಲ ಓದಿದಳು. ಕಿವಿ ಬಿಸಿಯಾಯಿತು.

“ಇದು ಆಫೀಸಿನ ದಾಖಲೆ. ‘ಉಳಿದದ್ದು’ ಅಂದ್ರೆ ಮುಂದೆ ಓದೋರಿಗೆ ಏನು ಅರ್ಥ ಆಗುತ್ತೆ? ಸರಿಯಾಗಿ ಬರಿ.”

ಈ ಸಲ ಅವನ ಕಣ್ಣು ಕಿಟಕಿಗೆ ಹಾರಲಿಲ್ಲ. ಅವಳನ್ನೇ ನೋಡಿದ, ನೋಡುತ್ತಲೇ ಇದ್ದ. ಆಮೇಲೆ ಬಗ್ಗಿ ‘ಉಳಿದದ್ದನ್ನೂ’ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರೆದ: ‘ಪ್ರೀತಿಯನ್ನೂ.’

ಚೀಟಿಯನ್ನು ಅವಳತ್ತ ತಳ್ಳಿದ.

“ಅಕ್ಷರ ಸೊಟ್ಟಗಿದೆ,” ಅಂದಳು. ಸ್ವರ ಇನ್ನೂ ಜಗಳದ್ದೇ. “ಕಮಿಟಿ ಮುಂದೆ ನಾನೂ ಬರ್ತೀನಿ. ಅಲ್ಲೂ ಹೀಗೇ ಮುಖ ತಗ್ಗಿಸಿ ಕೂತುಬಿಡ್ತೀಯ. ನಿನ್ನ ಪರವಾಗಿ ಕೂಗಾಡೋಕೆ ಯಾರಾದ್ರೂ ಬೇಡವಾ?”

ಆ ಚೀಟಿಗೆ ಮಾತ್ರ ಮೇಲಂಚಿಗಷ್ಟೇ ಗೋಂದು ಸಾಲದೆಂದು, ನಾಲ್ಕೂ ಅಂಚಿಗೆ ದಂಡಿಯಾಗಿ ಬಳಿದು, ಹಾಳೆಯ ಮೇಲಿಟ್ಟು, ಅವನ ಅಂಗೈಯನ್ನೆಳೆದು ಅದರ ಮೇಲೆ ಒತ್ತಿದಳು. ಅದರ ಮೇಲೆ ತನ್ನದನ್ನಿಟ್ಟಳು.

“ಒಣಗೋವರೆಗೂ ತೆಗೀಬೇಡ,” ಎಂದು ಗದರಿದಳು.