ಲೋಪೊ ಕೂಗಿದ ನಡುಹಗಲು

ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿಸಿ ಬಂದ ಬ್ರಿಯೊಲಾಂಜ ಹೊಸಿಲಲ್ಲೇ ನಿಂತಳು. ಗಂಡ ಲೋಪೊನ ಪೆಟ್ಟಿಗೆಯ ಬೀಗ ಒಡೆದಿತ್ತು. ಒಳಗಿದ್ದ ಹಿತ್ತಾಳೆ ಚಕ್ರ ಇರಲಿಲ್ಲ.

ಲೋಪೊ ಹಿತ್ತಲಲ್ಲಿ ಕೂತಿದ್ದ. ಮಂಡಿನೋವೆಂದು ಅವನು ಇಗರ್ಜಿಗೆ ಬಂದಿರಲಿಲ್ಲ.

"ಏನೂ ಕೇಳಿಸಲಿಲ್ವ ನಿಮಗೆ?"

"ನಿದ್ದೆ ಹತ್ತಿತ್ತು ಕಣೆ."

ಸೂರ್ಯನ ಎತ್ತರ ಅಳೆಯುವ ಆ ಚಕ್ರ ಅರಸರದು. ಅದನ್ನು ಹಿಡಿದೇ ನಾವಿಕ ಲೋಪೊ ಮೂರು ಸಲ ಆಫ್ರಿಕದ ತುದಿ ಸುತ್ತಿ ಇಂಡಿಯಾಕ್ಕೆ ಹಡಗು ಮುಟ್ಟಿಸಿದ್ದ. ನಾಲ್ಕನೆಯ ಹಡಗು ತವೀರದ ಬಂದರಿನಲ್ಲಿ ಕಾಯುತ್ತಿತ್ತು. ಅವನನ್ನು ಕರೆದೊಯ್ಯಲು ಲಿಸ್ಬನ್ನಿನಿಂದ ಅಧಿಕಾರಿಯೂ ಬಂದಿದ್ದ. ಅರಸರ ಸಾಮಾನು ಕದ್ದವನಿಗೆ ಕೈ ಕತ್ತರಿಸುವ ಶಿಕ್ಷೆ.

ನಮ್ಮೂರಲ್ಲಿ ನ್ಯಾಯ ನೋಡುವ ಕೆಲಸ ಸರದಿಯ ಮೇಲೆ ಬರುತ್ತದೆ. ಆ ವರ್ಷ ಅಂಜೂರ ಬೆಳೆಯುವ ಗಾರ್ಸಿಯನ ಸರದಿ. ಅವಸರ ಮಾಡುವ ಆಳಲ್ಲ ಅವನು.

*

"ಬಾಚಣಿಗೆ ಮಾರುವ ಆ ಕಸ್ತೀಲಿಯ ದೇಶದವನು ನಿನ್ನೆ ಇಲ್ಲೇ ಸುಳಿದಾಡ್ತಿದ್ದ," ಎಂದ ಅಧಿಕಾರಿ.

"ಪೂಜೆ ಹೊತ್ತಲ್ಲಿ ನನ್ನ ಪಕ್ಕದಲ್ಲೇ ಗೊರಕೆ ಹೊಡೀತಿದ್ದ ಸ್ವಾಮಿ. ಪಾದ್ರಿಗಳು ಎರಡು ಸಲ ಕೆಮ್ಮಿದ್ರು," ಎಂದ ಗಾರ್ಸಿಯ.

"ಹಾಗಾದ್ರೆ ಈ ಉಳಿ ಯಾರದು?"

ಪೆಟ್ಟಿಗೆಯ ಬಳಿ ಬಿದ್ದಿದ್ದ ಉಳಿಯನ್ನು ಕಂಡು ಬ್ರಿಯೊಲಾಂಜ ತಲೆ ತಗ್ಗಿಸಿದಳು. ಅದು ಬಡಗಿ ತ್ರಿಸ್ತಾಂವಿನದು. ಇಪ್ಪತ್ತು ವರ್ಷ ಲೋಪೊನ ಹಡಗುಗಳಲ್ಲಿ ದುಡಿದವನು. ಹಿಂದಿನ ದಿನ ಲೋಪೊನ ಮನೆಯ ಬಾಗಿಲು ಸರಿಮಾಡಿ ಹೋಗಿದ್ದ. ಪಾದ್ರಿಯ ಮೇಲಿನ ಸಿಟ್ಟಿಗೆ ಇಗರ್ಜಿಗೂ ಬಂದಿರಲಿಲ್ಲ.

ಅಧಿಕಾರಿ ಅವನನ್ನು ಎಳೆತರಿಸಿ ಕೈ ಕಟ್ಟಿಸಿದ. "ಸಂಜೆ ನೀರಿಳಿತಕ್ಕೆ ನನ್ನ ದೋಣಿ ಹೊರಡುತ್ತೆ. ಇವನೂ ಬರ್ತಾನೆ."

"ಆ ಪೆಟ್ಟಿಗೆ ಮಾಡಿದ್ದೇ ನಾನು!" ತ್ರಿಸ್ತಾಂವ್ ಕಿರುಚಿದ. "ಹಿಂದಿನ ಎರಡು ಗೂಟ ಎಳೆದ್ರೆ ಮುಚ್ಚಳ ಕೈಗೇ ಬರುತ್ತೆ. ನಾನ್ಯಾಕೆ ಬೀಗ ಒಡೀಲಿ?"

"ಅವನು ಕದ್ದಿಲ್ಲ ಸ್ವಾಮಿ," ಎಂದ ಲೋಪೊ, ಗೋಡೆಗೊರಗಿ.

"ಮತ್ಯಾರು?" ಎಂದ ಅಧಿಕಾರಿ.

ಲೋಪೊ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

*

ಎಲ್ಲರೂ ಹೋದ ಮೇಲೆ ಗಾರ್ಸಿಯ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಗೂಟ ಎಳೆದು ನೋಡಿದ. ಮುಚ್ಚಳ ಕೈಗೆ ಬಂತು. ಬೀಗದ ಪಕ್ಕದ ಮರದ ಮೇಲೆ ಬೆರಳಾಡಿಸಿದ. ಉಳಿಯ ನಾಲ್ಕು ಗಾಯ. ನಾಲ್ಕೂ ಏಟು ಬೀಗಕ್ಕೆ ತಪ್ಪಿ ಒಂದು ಬೆರಳು ಆಚೆಗೆ ಬಿದ್ದಿದ್ದವು. ಕಿಟಕಿಯಿಂದ ಬಿಸಿಲು ಧಾರಾಳವಾಗಿ ಬೀಳುತ್ತಿತ್ತು.

ಅಲ್ಲಿಂದ ಅವನು ಉಪ್ಪಿನ ಗದ್ದೆಯಲ್ಲಿ ದುಡಿಯುವ ಕತರೀನಳ ಮನೆಗೆ ಹೋದ. ದಿನವೂ ಲೋಪೊ ಚಕ್ರವನ್ನು ಬಾದಾಮಿ ಕೊಂಬೆಗೆ ತೂಗಿಹಾಕಿ, ಸೂರ್ಯ ನೆತ್ತಿಗೇರಿದಾಗ "ನಡುಹಗಲು!" ಎಂದು ಕೂಗುತ್ತಿದ್ದ. ಆಗಲೇ ಗದ್ದೆಯವರು ಬುತ್ತಿ ಬಿಚ್ಚುವುದು.

"ಈಗೀಗ ಹೇಗೆ ಕೂಗ್ತಾರೆ, ಅಕ್ಕ?"

"ಅಯ್ಯೋ, ಅದೊಂದು ಕೇಳಬೇಡಿ! ಒಂದಿನ ಬೇಗ, ಒಂದಿನ ತಡ. ಮೊನ್ನೆ ನೆರಳು ಮಾರುದ್ದ ಆಗಿತ್ತು, ಕೂಗೇ ಇಲ್ಲ. ಬೂತಾಯಿ ಮೀನು ಹಸೀದೇ ತಿಂದುಬಿಡೋಣ ಅನ್ನಿಸ್ತು."

"ಯಾವಾಗಿಂದ ಹೀಗೆ?"

"ಚಳಿ ಶುರುವಾದಾಗಿಂದ."

"ಅವರಿಗೆ ಹೇಳಲಿಲ್ವ?"

"ಮೂರು ಸಲ ಇಂಡಿಯಾ ಮುಟ್ಟಿ ಬಂದೋರಿಗೆ ಹೊತ್ತು ಗೊತ್ತಾಗಲ್ಲ ಅಂತ ನಾನು ಹೇಳೋದಾ? ಚೆನ್ನಾಯ್ತು!"

*

ಚಕ್ರ ಮನೆಯಿಂದ ದೂರ ಹೋಗಿರಲಾರದು ಎಂದುಕೊಂಡು ಗಾರ್ಸಿಯ ಲೋಪೊನ ಹಿತ್ತಲ ಬಾವಿಗೆ ಬಗ್ಗಿದ. ಕಲ್ಲಿನ ಸಂದಿಯ ಗೂಟದಿಂದ ತೆಳ್ಳನೆಯ ಹುರಿಯೊಂದು ಇಳಿಬಿದ್ದಿತ್ತು. ಎಳೆದ. ಹಂದಿಕೊಬ್ಬು ಸವರಿದ ಬಟ್ಟೆಯೊಳಗೆ, ಹಿಡಿಯುವ ಬಳೆ ಮೇಲಾಗಿ, ಚಕ್ರ ನೆಟ್ಟಗೆ ತೂಗುತ್ತ ಮೇಲೆ ಬಂತು.

ಗಂಡಹೆಂಡಿರ ಮುಂದೆ ಅದನ್ನು ಎತ್ತಿ ಹಿಡಿದು ನಿಂತ.

"ಕಳ್ಳ ಆಗಿದ್ರೆ ಗೋಣಿಗೆ ತುರುಕಿಕೊಂಡು ಹೋಗ್ತಿದ್ದ. ಇದನ್ನ ನೆಲಕ್ಕೆ ತಾಗಿಸದೆ ತೂಗಿಹಾಕೋನು ನಾವಿಕ ಒಬ್ಬನೇ. ಅಳತೆಯ ಮುಳ್ಳು ಬಾಗೀತು ಅನ್ನೋ ಭಯ ಅವನಿಗೆ. ಹಾಡಹಗಲಲ್ಲಿ ನಾಲ್ಕು ಏಟು ತಪ್ಪಿದೆ. ನಡುಹಗಲೂ ತಪ್ಪಿದೆ. ಎಷ್ಟು ಕಾಣುತ್ತೆ, ಅಣ್ಣಾ?"

ಲೋಪೊ ಗಾರ್ಸಿಯನ ಕಡೆ ಮುಖ ಎತ್ತಿದ.

"ನಿನ್ನ ಕಿವಿ ಕಾಣುತ್ತೆ. ಮುಖ ಕಾಣಲ್ಲ. ಮೂವತ್ತು ವರ್ಷ ಸೂರ್ಯನ್ನ ನೋಡಿದೆನಲ್ಲ, ನಡುವಲ್ಲಿ ಇದ್ದದ್ದೆಲ್ಲ ಸುಟ್ಟುಹೋಗಿದೆ."

"ಹೇಳಬಹುದಿತ್ತಲ್ಲ."

"ಹೇಳಿದ್ರೆ, ಹೆದರಿಕೊಂಡು ನೆಪ ಹೂಡ್ತಿದಾನೆ ಅಂತಿದ್ರು. ಹೇಳದೆ ಹೋದ್ರೆ ಅರವತ್ತು ಜನರನ್ನ ಮುಳುಗಿಸ್ತಿದ್ದೆ. ಚಕ್ರ ಕಳೆದ್ರೆ ಬೇರೆ ನಾವಿಕನ್ನ ಹುಡುಕ್ತಾರೆ ಅಂದ್ಕೊಂಡೆ. ಬಾಗಿಲ ಬಳಿ ಕೈಗೆ ಸಿಕ್ಕ ಉಳಿಯಲ್ಲಿ ಬೀಗ ಒಡೆದೆ. ಅದು ತ್ರಿಸ್ತಾಂವಿಗೆ ಸುತ್ತಿಕೊಳ್ಳುತ್ತೆ ಅಂತ ಹೊಳೀಲೇ ಇಲ್ಲ." ಅವನು ಗೋಡೆ ತಡವುತ್ತ ಎದ್ದ. "ನಡಿ, ನಾನೇ ಹೇಳ್ತೀನಿ."

*

ನದಿಕಟ್ಟೆಯಲ್ಲಿ ಲೋಪೊನ ಮಾತು ಕೇಳಿದ ಅಧಿಕಾರಿ ಚಕ್ರವನ್ನು ಅವನ ಕೈಗಿತ್ತು, ಮುಳ್ಳು ಎಲ್ಲಿ ನಿಂತಿದೆ ಎಂದು ಕೇಳಿದ. ಲೋಪೊ ಚಕ್ರವನ್ನು ಅತ್ತಿತ್ತ ತಿರುಗಿಸಿದ. ಕೊನೆಗೆ ಕಾಣದೆಂದು ತಲೆಯಾಡಿಸಿದ.

"ಅವರ ಬಾವಿಯಲ್ಲೇ ಇತ್ತು ಸ್ವಾಮಿ. ಊರು ಬಿಟ್ಟು ಹೋಗಿಲ್ಲ, ಯಾರಿಗೂ ಮಾರಿಲ್ಲ," ಎಂದ ಗಾರ್ಸಿಯ. "ಇದನ್ನ ಕಳ್ಳತನ ಅಂತ ನಾನು ಬರೆಯಲ್ಲ."

ಅಧಿಕಾರಿ ಚಕ್ರವನ್ನು ಹಿಂದಕ್ಕೆ ಪಡೆದು, ತ್ರಿಸ್ತಾಂವಿನ ಕಟ್ಟು ಬಿಚ್ಚಿಸಿ, ಒಬ್ಬನೇ ದೋಣಿ ಹತ್ತಿದ.

ತ್ರಿಸ್ತಾಂವ್ ಲೋಪೊನ ಅಂಗಿ ಹಿಡಿದು ಅಲ್ಲಾಡಿಸಿದ. "ನನಗೊಂದು ಮಾತು ಹೇಳಬಾರದಿತ್ತೇನೋ, ಪಾಪಿ! ನನಗೂ ಹೇಳಬಾರದಾ!" ಆಮೇಲೆ ಅದೇ ಅಂಗಿಗೆ ಮುಖವಿಟ್ಟು ಅತ್ತ.

ಬ್ರಿಯೊಲಾಂಜ ದಾರಿಯುದ್ದಕ್ಕೂ ಗಂಡನ ತೋಳು ಹಿಡಿದು ನಡೆದಳು. ಮನೆ ಬಾಗಿಲಲ್ಲಿ ನಿಂತು ಕೇಳಿದಳು, "ಹಾಗಾದ್ರೆ ನನ್ನ ಮುಖ?"

"ಚಳಿಗಾಲದಿಂದ ನೋಡಿಲ್ಲ ಕಣೆ."

ಅವಳು ಅವನ ಗದ್ದ ಹಿಡಿದು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದಳು. "ಹೀಗೆ?"

"ಇನ್ನೂ ಸ್ವಲ್ಪ."

"ಈಗ?"

ಲೋಪೊ ಕಣ್ಣಂಚಿನಲ್ಲೇ ತುಂಬ ಹೊತ್ತು ನೋಡಿದ.

"ನಿನ್ನ ಕೂದಲು ನೆರೆತುಬಿಟ್ಟಿದೆಯಲ್ಲೇ!"

"ಅದು ನೆರೆತು ಹತ್ತು ವರ್ಷ ಆಯ್ತು," ಎಂದಳು ಬ್ರಿಯೊಲಾಂಜ. "ನೀವು ಸಮುದ್ರದ ಕಡೆ ನೋಡ್ತಿದ್ರಿ."