ಕಮಾನಿನ ಮೇಲಿನ ಏಳನೇ ರೂಮು

"ಎಲ್ಲಿಂದ ಬರ್ತಿದ್ದೀರಿ ಮೇಡಂ?" ರೂಮು ಬೇಕೆಂದವಳನ್ನು ಹೋಟೆಲಿನ ಲವೀನಿಯಾ ಫೋನಿನಲ್ಲಿ ಕೇಳಿದಳು.

"ಕೆಳಗಿನಿಂದ," ಎಂದಳು ನೀವೆಸ್. "ನಮ್ಮ ಅಡುಗೆಮನೆ ಕಿಟಕಿಯಿಂದ ನಿಮ್ಮ ಬಾಲ್ಕನಿ ಕಾಣುತ್ತೆ. ಹಳದಿ ಟವೆಲ್ ಒಣಗಿಸಿದ್ದೀರಿ."

ಲವೀನಿಯಾ ಇಟಲಿಯ ದೊಡ್ಡ ನಗರ ಮಿಲಾನೊದವಳು. ರೊಕ್ಕಸೆರ್ರಾ ಬೆಟ್ಟದೂರಿನ ಹಳೆಯ ಮನೆಗಳನ್ನು ಮೊದಲೇ ಕೊಂಡಿದ್ದರೂ, ಇಲ್ಲಿಗೆ ಬಂದು ಹೋಟೆಲ್ ತೆರೆದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅವಳು ದನಿ ತಗ್ಗಿಸಿದಳು.

"ಯಜಮಾನರು ಪಕ್ಕದಲ್ಲೇ ಇದ್ದಾರಾ?"

"ಇದ್ದಾರೆ. ಈರುಳ್ಳಿ ಹೆಚ್ಚುತ್ತಿದ್ದಾರೆ."

"ಹೆದರಬೇಡಿ. ಹೂಂ, ಉಹೂಂ ಅಂದ್ರೆ ಸಾಕು. ಕೈ ಮಾಡ್ತಾರಾ?"

"ಹೊಡೀತಾರೆ," ನೀವೆಸ್ ನಗು ತಡೆದುಕೊಂಡಳು, "ಡೋಲಿಗೆ ಮಾತ್ರ."

ಗಂಡ ತಾಜಿಯೊ ತಲೆ ಎತ್ತಿದ. ಈರುಳ್ಳಿಯ ಖಾರಕ್ಕೆ ಕಣ್ಣು ಕೆಂಪಾಗಿತ್ತು. ಆ ಕೆಂಪು ಕಣ್ಣಲ್ಲೇ ಅವಳನ್ನು ಮೇಲಿಂದ ಕೆಳಗೆ ನೋಡಿದ. ನೋಟ ಅವಳ ಏಳು ತಿಂಗಳ ಹೊಟ್ಟೆಯ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಈರುಳ್ಳಿಗೆ ಇಳಿಯಿತು.

"ಗಂಡನ ಮನೆ ಬಿಟ್ಟು ಓಡಿಹೋಗೋಳು ಫೋನನ್ನಾದರೂ ಹೊರಗೆ ಹೋಗಿ ಮಾಡ್ತಾಳೆ," ಎಂದ.

"ಓಡಿಹೋಗೋಕೆ ನನಗೇನು ಅವಸರ? ನಿಧಾನಕ್ಕೆ ನಡೆದೇ ಹೋಗ್ತೀನಿ. ನೀನೇ ಚೀಲ ಹೊತ್ತುಕೊಂಡು ಬರ್ತೀಯ."

ಊರಿನವರಿಗಾದರೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ರೊಕ್ಕಸೆರ್ರಾದಲ್ಲಿ ಇರುವುದು ಎರಡು ಕೇರಿ, ಕೆಂಪು ಬಾವುಟದ ಮೇಲಿನದು ಮತ್ತು ನೀಲಿ ಬಾವುಟದ ಕೆಳಗಿನದು. ನಡುವೆ ಒಂದು ಕಲ್ಲಿನ ಕಮಾನು. ಮೇ ಕೊನೆಯ ವಾರ ನಾಲ್ಕು ದಿನದ ಹಬ್ಬ, ಎರಡೂ ಕೇರಿಗಳ ನಡುವೆ ಬಿಲ್ಲಿನ ಪಂದ್ಯ. ಆ ನಾಲ್ಕು ರಾತ್ರಿ ಬೇರೆ ಬೇರೆ ಕೇರಿಯ ಗಂಡ ಹೆಂಡತಿ ಒಂದೇ ಸೂರಿನಡಿ ಮಲಗುವ ಹಾಗಿಲ್ಲ. ಅವರವರ ಹುಟ್ಟಿದ ಕೇರಿಗೆ ಹೋಗಬೇಕು. ಜಗಳವಿಲ್ಲ, ವಿಚ್ಛೇದನವಿಲ್ಲ, ಹಾಸಿಗೆ ಮಾತ್ರ ಬೇರೆ. ಗರ್ಭಿಣಿಯಾದವಳು ಆ ವಾರ ಯಾವ ಮನೆಯ ಮಗಳಾಗಿ ಮಲಗುತ್ತಾಳೋ, ಹುಟ್ಟುವ ಮಗು ಆ ಮನೆಯ ಕೇರಿಯದು. ಚರ್ಚಿನ ದೀಕ್ಷಾಸ್ನಾನಕ್ಕಿಂತ ಮೊದಲು ಮಗುವಿನ ತಲೆಗೆ ಆ ಕೇರಿಯ ಕಾರಂಜಿಯ ನೀರು ಬೀಳುತ್ತದೆ.

ನೀವೆಸ್ ಮೇಲಿನ ಕೇರಿಯ ಮಗಳು, ತಾಜಿಯೊ ಕೆಳಗಿನ ಕೇರಿಯ ಮಗ. ಅವಳ ತಾಯಿ ತೀರಿಕೊಂಡ ಮೇಲೆ ಅಣ್ಣ ಮನೆ ಮಾರಿದ. ಈಗ ಅದು ಲವೀನಿಯಾಳ ಹೋಟೆಲಿನ ಒಂದು ಭಾಗ. ತಾಯಿಯ ಮಲಗುವ ಕೋಣೆಯ ಬಾಗಿಲಿಗೆ ಹಿತ್ತಾಳೆಯಲ್ಲಿ ಏಳು ಎಂದು ಬರೆದಿದೆ. ಕಳೆದೆರಡು ಹಬ್ಬಗಳಲ್ಲಿ ನೀವೆಸ್ ಮೇಲಿನ ಕೇರಿಯ ಗೆಳತಿಯೊಬ್ಬಳ ಸೋಫಾದಲ್ಲಿ ಮಲಗಿ ಕಳೆದಿದ್ದಳು. ತನ್ನೊಬ್ಬಳ ಮಟ್ಟಿಗೆ ಅದು ನಡೆಯುತ್ತಿತ್ತು. ಮಗುವಿನ ಲೆಕ್ಕಕ್ಕೆ ಸ್ವಂತ ಮನೆಯೇ ಆಗಬೇಕು. ಅದಿಲ್ಲದ ಗರ್ಭಿಣಿ ಗಂಡನ ಮನೆಯಲ್ಲೇ ಉಳಿಯಬಹುದು, ಆಗ ಮಗು ಅವನ ಕೇರಿಯದು.

"ಮನೆ ಇಲ್ಲದಿದ್ರೆ ಇಲ್ಲೇ ಮಲಗಲಿ," ಎಂದು ಅತ್ತೆ ಆರ್ಜಿಯಾ ಚಳಿಗಾಲದಲ್ಲೇ ತೀರ್ಪು ಕೊಟ್ಟಿದ್ದಳು. "ಮಗು ನಮ್ಮದಾಗುತ್ತೆ, ಮುಗೀತು. ನೀಲಿ ಬಣ್ಣ ಎಲ್ಲ ಮಕ್ಕಳಿಗೂ ಒಪ್ಪುತ್ತೆ ಕಣಮ್ಮ."

"ಕೆಂಪು ಇನ್ನೂ ಚೆನ್ನಾಗಿ ಒಪ್ಪುತ್ತೆ ಅತ್ತೆ."

"ನಿಂಗೆ ಹಠ ಜಾಸ್ತಿ."

"ನಿಮ್ಮ ಮಗನೂ ಮದುವೆಗೆ ಮುಂಚೆ ಇದನ್ನೇ ಹೊಗಳ್ತಿದ್ದ."

ನೀವೆಸ್ ವೃತ್ತಿಯಲ್ಲಿ ಸರ್ವೇಯರ್. ಗೋಡೆ ಅಡ್ಡ ಬಂದರೆ ಅವಳು ಗೋಡೆಯನ್ನು ಬಯ್ಯುತ್ತ ಕೂರುವವಳಲ್ಲ. ಅಳತೆ ತೆಗೆದು ಬಾಗಿಲು ಎಲ್ಲಿದೆ ಎಂದು ನೋಡುವವಳು. ಏಳನೇ ರೂಮನ್ನು ರೋಟರ್‌ಡ್ಯಾಮಿನ ದಂಪತಿ ತಿಂಗಳುಗಳ ಹಿಂದೆಯೇ ಹಿಡಿದಿಟ್ಟಿದ್ದಾರೆ ಎಂದು ಲವೀನಿಯಾ ಹೇಳಿದಾಗಲೂ ಅವಳು ಸೋಲಲಿಲ್ಲ. ಅವರಿಗೇ ಫೋನ್ ಮಾಡಿದಳು. ಚೌಕದ ಕಡೆಯ ರೂಮಿಗೆ ಬದಲಾದರೆ, ಹಬ್ಬದ ಹಿಂದಿನ ಸಂಜೆ ಮೇಲಿನ ಕೇರಿಯ ಉದ್ದನೆ ಮೇಜಿನಲ್ಲಿ ಇಬ್ಬರಿಗೂ ಊಟದ ಜಾಗ ಕೊಡಿಸುವುದಾಗಿ ಹೇಳಿದಳು. ಆ ಮೇಜಿನಲ್ಲಿ ಹೊರಗಿನವರು ಕೂತದ್ದೇ ಇಲ್ಲ. ತನ್ನ ಜಾಗವನ್ನೂ ಸೋಫಾದ ಗೆಳತಿಯ ಜಾಗವನ್ನೂ ಬಿಟ್ಟುಕೊಟ್ಟಳು. ಗೆಳತಿ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಏಳನೇ ರೂಮು ನೀವೆಸ್ ಹೆಸರಿಗೆ ಬಂತು.

"ಸಿಕ್ಕಿತು," ಎಂದು ಅವಳು ಗಂಡನಿಗೆ ಹೇಳಿದಾಗ ಅವನು ಅವಳ ಕೂದಲಿಗೆ ಅಂಟಿದ್ದ ಸುಣ್ಣದ ಪುಡಿ ತೆಗೆಯುತ್ತಿದ್ದ. ಬೆರಳು ಕಿವಿಯ ಹಿಂದೆ ನಿಂತುಬಿಟ್ಟಿತು.

"ಸಿಕ್ಕಿತಾ?"

"ಖುಷಿ ಇಲ್ಲವಾ?"

"ಇದೆ," ಎಂದ. ಪುಡಿ ಇನ್ನೂ ಇತ್ತು. ಕೈ ಮಾತ್ರ ಇರಲಿಲ್ಲ.

ಮೂರು ದಿನದ ನಂತರ ಮೇಲಿನ ಕೇರಿಯ ನಾಯಕ ದುಯಿಲಿಯೊ ಅವಳನ್ನು ತನ್ನ ಔಷಧಿ ಅಂಗಡಿಗೆ ಕರೆಸಿಕೊಂಡ. ಊರೆಲ್ಲ ಅವನನ್ನು ಡಾಕ್ಟ್ರು ಎಂದೇ ಕರೆಯುತ್ತಿತ್ತು.

"ರೂಮಿನ ವಿಷಯ ಗೊತ್ತಾಯ್ತು ಮಗಳೇ," ಎಂದ. "ಆಗಲ್ಲ."

"ಯಾಕೆ ಡಾಕ್ಟ್ರೇ? ಅದು ನಾನು ಹುಟ್ಟಿದ ಮನೆ."

"ಹುಟ್ಟಿದ್ದು ಸರಿ. ಈಗ ಅಲ್ಲಿ ಮಲಗೋಕೆ ಏನು ಕೊಡಬೇಕು?"

"ಗುರುತಿನ ಚೀಟಿ. ತಂಗಿದವರ ಹೆಸರು ಪೊಲೀಸರಿಗೆ ಹೋಗಬೇಕಲ್ಲ, ಅದು ಕಾನೂನು."

"ಅಲ್ಲೇ ಇರೋದು. ಗುರುತಿನ ಚೀಟಿ ಕೊಟ್ಟು ಮಲಗಿದವರು ಹೊರಗಿನವರು. ಯಾವ ಕೇರಿಯವರೂ ಅಲ್ಲ. ನಾಳೆ ಪೋಪ್ ಬಂದು ಮಲಗಿದರೂ ಹೊರಗಿನವರೇ."

"ಹಾಗಾದ್ರೆ ಮನೆಯವರು ಅಂದ್ರೆ ಯಾರು?"

ದುಯಿಲಿಯೊ ಕನ್ನಡಕ ತೆಗೆದು ಯೋಚಿಸಿದ. ತಮಾಷೆಯ ಮನುಷ್ಯ, ಆದರೆ ಹಬ್ಬದ ವಿಷಯದಲ್ಲಿ ನ್ಯಾಯಾಧೀಶ. "ಬಂದವರಿಗೆ ಬಾಗಿಲು ತೆಗೆಯೋರು. ಬೆಳಗ್ಗೆ ಅವರಿಗಿಂತ ಮುಂಚೆ ಎದ್ದು ಕಾಫಿ ಇಡೋರು. ಇನ್ಯಾರು?"

ನೀವೆಸ್ ಮುಖದಲ್ಲಿ ನಿಧಾನವಾಗಿ ನಗು ಹರಡಿತು. ಹೋಟೆಲಿನ ಕಚೇರಿ ಚೌಕದಲ್ಲಿದೆ. ಸಂಜೆಯ ನಂತರ ಆ ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ. ಲವೀನಿಯಾ ಅದನ್ನೇ ಎರಡು ಸಲ ಗೊಣಗಿದ್ದಳು. ಮೆಟ್ಟಿಲ ಪಕ್ಕದ ಪುಟ್ಟ ಕೋಣೆ, ಅವಳು ಹುಡುಗಿಯಾಗಿದ್ದಾಗ ಮಲಗುತ್ತಿದ್ದ ಕೋಣೆ, ಹಾಗೇ ಖಾಲಿ ಬಿದ್ದಿತ್ತು. ಅಲ್ಲಿದ್ದು ಬಾಗಿಲು ತೆಗೆಯುವವಳು ಅತಿಥಿಯಲ್ಲ. ಅವಳ ಚೀಟಿ ಯಾರೂ ಕೇಳುವುದಿಲ್ಲ.

"ನಾನು ಬಾಗಿಲು ತೆಗೆದರೆ?" ಎಂದಳು. "ನಾಲ್ಕು ರಾತ್ರಿ, ಆ ಮನೆಗೆ ಬರೋ ಎಲ್ಲರಿಗೂ?"

ದುಯಿಲಿಯೊ ಕನ್ನಡಕ ಮತ್ತೆ ಹಾಕಿಕೊಂಡ. "ಆಗ ನೀನು ಆ ಮನೆ ಮಗಳು," ಎಂದು ಒಪ್ಪಿಕೊಳ್ಳಲೇಬೇಕಾಯಿತು. "ನಿಮ್ಮಿಬ್ಬರ ಜೊತೆ ನನಗೆ ಸಾಕಾಯ್ತಪ್ಪ. ಮೊನ್ನೆ ನಿನ್ನ ಗಂಡ, ಇವತ್ತು ನೀನು."

"ನನ್ನ ಗಂಡ?"

"ಅವನೇ ಅಲ್ಲವಾ ಬಂದು ಕೇಳಿದ್ದು? ಹೋಟೆಲಿನಲ್ಲಿ ಮಲಗಿದ್ರೆ ಲೆಕ್ಕಕ್ಕೆ ಬರಲ್ಲ ಅಲ್ವಾ ಡಾಕ್ಟ್ರೇ ಅಂತ. ಮುಖ ನೋಡಿದ್ರೆ ಬರಲ್ಲ ಅಂತ ಹೇಳಿಸೋಕೇ ಬಂದಿದ್ದ."

ತಾಜಿಯೊ ಶಾಲೆಯ ಬಸ್ಸಿನ ಚಾಲಕ. ಮಧ್ಯಾಹ್ನ ಮಕ್ಕಳನ್ನು ಇಳಿಸಿ ಬಂದ ಮೇಲೆ ಕೋಟೆ ಗೋಡೆಯ ಬುಡದಲ್ಲಿ ಬಸ್ಸು ತೊಳೆಯುತ್ತಾನೆ. ನೀವೆಸ್ ಇಳಿಜಾರಿನಲ್ಲಿ ಇಳಿದು ಬರುವುದನ್ನು ನೋಡಿ ಪೈಪು ಕೆಳಗಿಟ್ಟು ಓಡಿಬಂದ.

"ಈ ಬಿಸಿಲಲ್ಲಿ ಯಾಕೆ ನಡೆದೆ? ಒಂದು ಫೋನ್ ಮಾಡಿದ್ರೆ..."

"ಡಾಕ್ಟ್ರ ಹತ್ತಿರ ಹೋಗಿದ್ದೆಯಂತೆ."

ಅವನು ತಿರುಗಿ ಹೋಗಿ, ಆಗಲೇ ತೊಳೆದಿದ್ದ ಗಾಜಿಗೇ ಮತ್ತೆ ನೀರು ಬಿಟ್ಟ. "ತಲೆನೋವಿತ್ತು."

"ತಲೆನೋವಿಗೆ ಯಾರಾದರೂ ಕೇರಿಯ ಕಟ್ಟಳೆ ಕೇಳ್ತಾರೇನೋ?"

ಅವನು ಪಕ್ಕದ ಗಾಜಿಗೆ ಪೈಪು ತಿರುಗಿಸಿದ.

"ಮಗು ಕೆಳಗಿನ ಕೇರಿಗೆ ಬೇಕಿತ್ತು ಅಂದ್ರೆ ನನಗೇ ಹೇಳಬೇಕಿತ್ತು," ಎಂದಳು. "ನಿಮ್ಮಮ್ಮ ಮುಖಕ್ಕೆ ಹೇಳ್ತಾರೆ. ಅದಕ್ಕೇ ಅವರ ಜೊತೆ ಜಗಳ ಆಡೋದು ಖುಷಿ. ನೀನು ಹಿಂದಿನಿಂದ ಹೋಗಿ..."

"ಕೇರಿ ಹಾಳಾಗಿ ಹೋಗಲಿ!"

ಇಷ್ಟು ಜೋರಾಗಿ ಅವನು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅವನು ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಬಸ್ಸಿನ ಮೆಟ್ಟಿಲ ಮೇಲೆ ಕೂತ.

"ಐದು ವರ್ಷದ ಹಿಂದೆ," ಎಂದ. "ಹಬ್ಬದ ಎರಡನೇ ರಾತ್ರಿ. ನೀನು ಮೇಲೆ, ಅದೇ ಮನೆಯಲ್ಲಿ. ನಾನು ಕೆಳಗೆ ಡೋಲು ಹೊಡೀತಿದ್ದೆ. ನಿನಗೆ ನೋವು ಬಂದು, ಮಗು ಹೋಗಿ, ಎಲ್ಲ ಮುಗಿದಿತ್ತು. ಮೇಲಿನವರು ಯಾರೂ ಕೆಳಗೆ ಸುದ್ದಿ ತರಲಿಲ್ಲ. ಬೆಳಗ್ಗೆ ಬ್ರೆಡ್ಡು ತರೋಕೆ ಹೋದಾಗ ಬೇಕರಿಯವಳು ಹೇಳಿದಳು ನೀವೆಸ್. ಬೇಕರಿಯವಳು."

ಅವಳು ಅವನ ಪಕ್ಕ ಕೂತಳು. ಮೆಟ್ಟಿಲು ಚಿಕ್ಕದು, ಹೊಟ್ಟೆ ಅವನ ಮೊಣಕೈಗೆ ತಗುಲಿತು. ಅವನು ಕೈ ಸರಿಸಲಿಲ್ಲ.

"ಇದನ್ನು ಯಾವತ್ತೂ ಹೇಳಿಲ್ಲ ನೀನು."

"ನೀನು ಅತ್ತು ಮುಗಿಸಿದ್ದೆ. ಮತ್ತೆ ಶುರು ಮಾಡೋದು ಬೇಡ ಅಂತ. ನೀಲಿನೋ ಕೆಂಪೋ ನನಗೆ ಬೇಕಾಗಿಲ್ಲ. ನಾಲ್ಕು ರಾತ್ರಿ ನಿನ್ನ ಉಸಿರು ಕೇಳಿಸೋ ದೂರದಲ್ಲಿ ನಾನಿರಬೇಕು. ಅಷ್ಟೇ. ಡಾಕ್ಟ್ರು ಆಗಲ್ಲ ಅಂದ್ರೆ ನೀನು ನಮ್ಮ ಮನೆಯಲ್ಲೇ ಇರ್ತೀಯ ಅಂದುಕೊಂಡೆ. ಕೇಳೋ ಧೈರ್ಯ ಇರಲಿಲ್ಲ, ಕಳ್ಳದಾರಿ ಹಿಡಿದೆ."

ಗೋಡೆಯ ಮೇಲೆ ಮಧ್ಯಾಹ್ನದ ಬಿಸಿಲು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು.

"ಆ ಮನೆಗೆ ಯಾಕೆ ಹೋಗಬೇಕು ಗೊತ್ತಾ?" ಎಂದಳು. "ಆ ಬಾಗಿಲಿನಿಂದ ನಾನು ಖಾಲಿ ಹೊಟ್ಟೆಯಲ್ಲಿ ಹೊರಗೆ ಬಂದೆ. ಆಮೇಲೆ ಅಮ್ಮನೂ ಹೋದಳು. ಆ ಬೀದಿಯಲ್ಲಿ ಹೋಗುವಾಗೆಲ್ಲ ತಲೆ ತಗ್ಗಿಸ್ತೀನಿ. ಈ ಮಗುವನ್ನು ಇಟ್ಟುಕೊಂಡು ಅಲ್ಲಿ ಮಲಗಿ, ಬೆಳಗ್ಗೆ ಎದ್ದು, ತಲೆ ಎತ್ತಿಕೊಂಡು ಇಳಿದು ಬರಬೇಕು. ಹೋಗ್ತೀನಿ ತಾಜಿಯೊ. ನೀನು ಬೇಡ ಅಂದ್ರೂ."

"ಗೊತ್ತು."

"ಆದ್ರೆ ಏಳನೇ ರೂಮು ಈಗ ನನಗೆ ಬೇಡ. ನಾನು ಮೆಟ್ಟಿಲ ಪಕ್ಕದ ಕೋಣೆಯಲ್ಲಿರ್ತೀನಿ, ಮನೆ ಮಗಳಾಗಿ. ರೂಮನ್ನು ರದ್ದು ಮಾಡಲ್ಲ."

"ಮತ್ತೆ?"

"ಡಾಕ್ಟ್ರು ನಿನಗೂ ಹೇಳಿದರಲ್ಲ. ಗುರುತಿನ ಚೀಟಿ ಕೊಟ್ಟು ಮಲಗಿದವನು ಹೊರಗಿನವನು. ಯಾವ ಕೇರಿಯವನೂ ಅಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೊದಲು ಹುಬ್ಬು ಮೇಲೇರಿತು, ಆಮೇಲೆ ತುಟಿಯ ಒಂದು ತುದಿ. ಕೊನೆಗೆ ಎರಡೂ ಇಳಿದವು. "ಹೊರಗಿನವನು ಡೋಲು ಮುಟ್ಟೋ ಹಾಗಿಲ್ಲ."

"ಹೌದು."

ಅವನು ಮೀಸೆ ಮೂಡುವ ಮೊದಲೇ ಡೋಲು ಹಿಡಿದವನು. ಈಗ ಕೆಳಗಿನ ಕೇರಿಯ ಡೋಲಿನವರಿಗೆಲ್ಲ ಅವನೇ ಮುಂದಾಳು. ಹಬ್ಬದಲ್ಲಿ ಅವನ ಮೊದಲ ಪೆಟ್ಟು ಬೀಳುವವರೆಗೆ ಬಿಲ್ಲುಗಾರರು ಹೆಜ್ಜೆ ಎತ್ತುವುದಿಲ್ಲ.

"ನಾನು ಕೇಳಲ್ಲ," ಎಂದಳು ನೀವೆಸ್. ಎದ್ದು ನಿಲ್ಲಲು ಅವನ ಭುಜ ಹಿಡಿದಳು. ನಿಂತ ಮೇಲೂ ಕೈ ತೆಗೆಯಲಿಲ್ಲ. "ರೂಮು ಇರುತ್ತೆ. ಬಂದ್ರೆ ಬಾ. ಬರದಿದ್ರೆ ಕೋಪ ಮಾಡಿಕೊಳ್ಳಲ್ಲ. ಸ್ವಲ್ಪ ಮಾಡಿಕೊಳ್ತೀನಿ."

ಹಬ್ಬದ ಮೊದಲ ಸಂಜೆ ಅವಳ ಚೀಲ ಹೊತ್ತು ಕಮಾನಿನವರೆಗೆ ಬಂದದ್ದು ಆರ್ಜಿಯಾ. ತಾಜಿಯೊ ಮಧ್ಯಾಹ್ನವೇ ಇಸ್ತ್ರಿ ಮಾಡಿಟ್ಟ ಡೋಲಿನವರ ನೀಲಿ ಉಡುಪು ತೆಗೆದುಕೊಂಡು ಹೊರಟುಹೋಗಿದ್ದ. ಎಲ್ಲಿಗೆ ಎಂದು ನೀವೆಸ್ ಕೇಳಿರಲಿಲ್ಲ. ಉಡುಪು ಕಂಡಾಗಲೇ ಡೋಲಿಗೇ ಹೋಗುತ್ತಿದ್ದಾನೆ ಎಂದುಕೊಂಡಿದ್ದಳು.

"ಬೆನ್ನಿಗೆ ದಿಂಬು ಇಟ್ಟುಕೋ," ಎಂದಳು ಆರ್ಜಿಯಾ. "ನೆಟ್ಟಗೆ ಮಲಗಬೇಡ. ಬಂದವರಿಗೆಲ್ಲ ಬಾಗಿಲು ತೆಗೀತೀನಿ ಅಂತ ಮೆಟ್ಟಿಲು ಹತ್ತಿ ಇಳೀಬೇಡ."

"ಮಗು ಕೆಂಪಾಗುತ್ತೆ ಅತ್ತೆ. ಬೇಜಾರಾ?"

"ಬೇಜಾರೇ. ಸುಳ್ಳು ಯಾಕೆ ಹೇಳಲಿ?" ಮುದುಕಿ ಚೀಲ ಕೊಟ್ಟಳು. "ಗಟ್ಟಿಯಾಗಿ ಹುಟ್ಟಲಿ ಮೊದಲು. ಬಣ್ಣಕ್ಕೆ ಆಮೇಲೆ ಜಗಳ ಆಡೋಣ." ಕಮಾನಿನ ಗೆರೆ ದಾಟದೆ, ಮುಂದೆ ಬಾಗಿ, ಸೊಸೆಯ ಹಣೆಗೆ ಮುತ್ತು ಕೊಟ್ಟು ಹಿಂದೆ ಸರಿದಳು.

ಲವೀನಿಯಾ ಖುಷಿಯಿಂದ ಒಪ್ಪಿ ಕೊಟ್ಟಿದ್ದ ಕೀಲಿಯಿಂದ ನೀವೆಸ್ ಮನೆ ಹೊಕ್ಕು, ಬಾಗಿಲನ್ನು ಒಳಗಿನಿಂದ ಹಾಕಿಕೊಂಡಳು. ಗೋಡೆಗೆ ಹೊಸ ಬಣ್ಣ, ನೆಲಕ್ಕೆ ಹೊಸ ಮೇಣ. ಆದರೂ ಮೆಟ್ಟಿಲ ಮೂರನೇ ಕಲ್ಲು ಹಾಗೇ ಸವೆದಿತ್ತು. ಪುಟ್ಟ ಕೋಣೆಯಲ್ಲಿ ಹಾಸಿಗೆ ಹಾಸಿ ಅದರ ಮೇಲೆ ಕೂತಳು. ಅಳು ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ. ಆರನೇ ರೂಮಿಗೆ ತೊರೀನೊದ ಇಬ್ಬರು ಅಕ್ಕತಂಗಿಯರು ಬಂದರು. ಬಾಗಿಲು ತೆಗೆದಳು. ಎಂಟನೇ ರೂಮಿಗೆ ಒಬ್ಬ ಮೇಷ್ಟ್ರು ಬಂದರು. ತೆಗೆದಳು.

ಹೊರಗೆ ಸೂರ್ಯ ಇಳಿಯುತ್ತಿದ್ದ. ಕೆಳಗಿನ ಕೇರಿಯಲ್ಲಿ ಜನ ಸೇರುವ ಸದ್ದು. ಇನ್ನು ಡೋಲು ಶುರುವಾಗಬೇಕು. ಅವಳು ಕಿಟಕಿ ಮುಚ್ಚಲು ಎದ್ದಳು, ಮುಚ್ಚಲಿಲ್ಲ. ಕೇಳಿಸಿಕೊಂಡೇಬಿಡೋಣ, ಅವನ ಪೆಟ್ಟು ನನಗೆ ಗೊತ್ತಾಗದೆ ಇರುತ್ತದೆಯೇ ಎಂದುಕೊಂಡಳು.

ಗಂಟೆ ಬಾರಿಸಿತು. ಬಾಗಿಲಿನ ಗಂಟೆ.

ತಾಜಿಯೊ ನಿಂತಿದ್ದ. ಮದುವೆಗೆ ಹಾಕಿದ್ದ ಬೂದು ಕೋಟು, ಒಂದು ಕೈಯಲ್ಲಿ ಚಿಕ್ಕ ಸೂಟ್‌ಕೇಸು, ಇನ್ನೊಂದರಲ್ಲಿ ಗುರುತಿನ ಚೀಟಿ. ಬೀದಿಯಾಚೆ ಮೇಲಿನ ಕೇರಿಯ ನಾಲ್ವರು ಕೈಕಟ್ಟಿ ನೋಡುತ್ತಿದ್ದರು. ಒಬ್ಬ ಸಿಳ್ಳೆ ಹಾಕಿದ. ತಾಜಿಯೊ ಹಿಂದಿರುಗಿ ನೋಡಲಿಲ್ಲ.

"ಉಡುಪು?" ಎಂದಳು.

"ನನ್ನ ಪಕ್ಕ ಡೋಲು ಹೊಡೆಯೋ ಎವಾಸಿಯೊಗೆ ಕೊಟ್ಟೆ. ತೋಳು ಉದ್ದ ಆಗುತ್ತೆ ಅವನಿಗೆ." ಚೀಟಿ ಚಾಚಿದ. "ಏಳನೇ ರೂಮು, ನಾಲ್ಕು ರಾತ್ರಿ. ರಾತ್ರಿ ಏನಾದ್ರೂ ಬೇಕಾದ್ರೆ ಕೂಗಿದ್ರೆ ಕೇಳಿಸುತ್ತಾ ಇಲ್ಲಿ?"

"ಗೋಡೆ ಹಳೇದು ಸಾರ್. ಉಸಿರೂ ಕೇಳಿಸುತ್ತೆ."

ಅವಳು ಚೀಟಿ ತೆಗೆದುಕೊಂಡಳು. ಅವನ ಹೆಸರನ್ನು, ಅವನ ಪೆದ್ದು ಫೋಟೊವನ್ನು, ಹುಟ್ಟಿದ ಊರನ್ನು ಮೊದಲ ಸಲ ನೋಡುವವಳಂತೆ ಓದಿದಳು. ಆಗ ಕೆಳಗಿನ ಕೇರಿಯಲ್ಲಿ ಮೊದಲ ಪೆಟ್ಟು ಬಿತ್ತು. ಅವನ ಭುಜ ತಾನೇತಾನಾಗಿ ಅದುರಿತು.

"ಅವಸರ ಮಾಡ್ತಿದ್ದಾನೆ," ಎಂದ, ಹಲ್ಲು ಕಚ್ಚಿ.

"ಹೊರಗಿನವರಿಗೆ ಅದೆಲ್ಲ ಗೊತ್ತಾಗಬಾರದು ಸಾರ್."

ತಾಜಿಯೊ ಅವಳನ್ನು ನೋಡಿದ, ಅವಳ ಹಿಂದಿನ ದೀಪ ಹಚ್ಚಿದ ಮನೆಯನ್ನು ನೋಡಿದ. ಆಮೇಲೆ ಬಗ್ಗಿ, ಹೊಸಿಲಿನ ಹೊರಗೇ ಬೂಟು ಬಿಚ್ಚಿದ.

"ಬೆಳಗ್ಗೆ ಕಾಫಿ ಎಷ್ಟು ಹೊತ್ತಿಗೆ ಕೊಡ್ತೀರಿ, ಮನೆಯವರೇ?"

"ನಾನು ಎದ್ದಾಗ," ಎಂದಳು ನೀವೆಸ್. ಅವನನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕಿದಳು.